ಕುರಿ ಲಸಿಕೆಯ ಥರ್ಮಾಸಿನಲ್ಲಿ ನನ್ನ ರಕ್ತ

ಕಕ್ಕಸಿನಲ್ಲಿ ರಕ್ತ ಕಂಡ ದಿನ ನಾನು ಹೆದರಲಿಲ್ಲ. ತಲೆನೋವು ಬಂದರೂ ಮೆದುಳಿನ ಗೆಡ್ಡೆಯೆಂದು ಒದ್ದಾಡುವ ಆಸಾಮಿ ನಾನು. ನಿಜವಾದದ್ದು ಬಂದಾಗ ಮಾತ್ರ ಮೂಲವ್ಯಾಧಿ ಇರಬೇಕು, ಖಾರ ಕಡಿಮೆ ಮಾಡಿದರಾಯಿತು ಎಂದು ಸುಮ್ಮನಿದ್ದೆ. ನಾಲ್ಕು ತಿಂಗಳು.

ಗುದನಾಳದ ಕ್ಯಾನ್ಸರ್.

ಬೆಂಗಳೂರಿನಲ್ಲಿ ರೇಡಿಯೇಷನ್, ಕೀಮೋ, ಆಮೇಲೆ ಆಪರೇಷನ್. ಮಲ ಹೋಗಲು ಹೊಟ್ಟೆಯ ಎಡಕ್ಕೊಂದು ಚೀಲ ಬಂತು. ಶ್ರೀರಾಂಪುರದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಗಣಿತ ಹೇಳಿದವನು ಒಂದು ಪೀರಿಯಡ್ಡಿನಷ್ಟು ಹೊತ್ತೂ ಕುರ್ಚಿಯಲ್ಲಿ ಕೂರಲಾರದವನಾದೆ. ಡಾಕ್ಟರು ನನ್ನನ್ನು ಒಂದು ಅಧ್ಯಯನಕ್ಕೂ ಸೇರಿಸಿಕೊಂಡಿದ್ದರು. ಗೆಡ್ಡೆಯಿಂದ ಕಳಚಿಕೊಂಡು ರಕ್ತದಲ್ಲಿ ತಿರುಗುವ ಕ್ಯಾನ್ಸರ್ ಜೀವಕೋಶಗಳನ್ನು ಎಣಿಸುವುದು. ಚಿಕಿತ್ಸೆಗೆ ಮುಂಚೆ ಒಂದೂವರೆ ಚಮಚ ರಕ್ತದಲ್ಲಿ ಮೂರು ಸಿಕ್ಕಿದ್ದವು. ಮೈಯಲ್ಲಿ ಒಟ್ಟು ಎಷ್ಟು ಚಮಚ ರಕ್ತವಿದೆ ಎಂದು ಗುಣಾಕಾರ ಮಾಡುತ್ತ ಕೂತೆ. ಗಣಿತದ ಮೇಷ್ಟ್ರಾಗಬಾರದಿತ್ತು.

ಆಪರೇಷನ್ ಆದ ಮೇಲೆ ಇನ್ನೊಮ್ಮೆ ಎಣಿಸಬೇಕಿತ್ತು. ಇನ್ನೂ ಇವೆಯೋ, ಇಲ್ಲವೋ? ನನಗೆ ಬೇಕಿದ್ದದ್ದು ಅದೊಂದೇ ಉತ್ತರ. ಬಸ್ಸಿನಲ್ಲಿ ಕೂರಲಾಗದ ನನಗಾಗಿ ಹೊಸದುರ್ಗದ ನರ್ಸಿಂಗ್ ಹೋಮಿನಲ್ಲೇ ಡಾಕ್ಟರು ಕೊಟ್ಟ ಟ್ಯೂಬಿಗೆ ರಕ್ತ ತೆಗೆಸಿ ಬೆಂಗಳೂರಿಗೆ ಕಳಿಸುವುದೆಂದಾಯಿತು. ಒಯ್ಯುವವನು ಹೆಂಡತಿಯ ತಮ್ಮ ಈರಣ್ಣ, ಕುರಿ ಸಾಕುವವನು.

2008ರ ಏಪ್ರಿಲ್ ಬಿಸಿಲು. ಹಾಲೇ ಒಡೆಯುವಾಗ ರಕ್ತ ಉಳಿದೀತೇ?

"ಲೇ ಈರಣ್ಣ, ಬಸ್ನಾಗೆ ಕೆಟ್ಟು ಹೋಗಲ್ವೇನೋ ಇದು?"

"ಅದಕ್ಯಾಕ್ ಚಿಂತಿ ಭಾವ? ಕುರಿ ಲಸಿಕೆ ತರೋ ಥರ್ಮಾಸ್ ಐತೆ. ಐಸ್ ಹಾಕ್ಕಂಡ್ರೆ ಸಾಯಂಕಾಲದ ತಂಕ ತಣ್ಣಗಿರ್ತೈತೆ."

ಹೆಂಡತಿ ರತ್ನ ಅಡುಗೆಮನೆಯಿಂದಲೇ ಕೂಗಿದಳು. "ಫ್ರಿಜ್ನಾಗೆ ಇಡಬ್ಯಾಡ್ರಿ ಅಂತ ಡಾಕ್ಟ್ರು ಹೇಳಿದ್ರಲ್ರೀ!"

"ಇದು ಫ್ರಿಜ್ಜೇನೇ?" ಎಂದೆ.

ಈರಣ್ಣ ಐಸಿನಲ್ಲಿಟ್ಟು ಒಯ್ದು ಕೊಟ್ಟು ಬಂದ. ಮರುದಿನ ಫೋನ್ ಬಂತು.

"ಮೇಷ್ಟ್ರೇ, ಐಸ್ ಹಾಕಿದ್ದು ಯಾರು?" ಡಾಕ್ಟರು ಕೇಳಿದರು. "ರೂಮಿನಷ್ಟೇ ಬಿಸಿ ಇರಬೇಕಿತ್ತು. ಇದನ್ನು ಎಣಿಸಿ ಪ್ರಯೋಜನ ಇಲ್ಲ. ಹೊಸ ಟ್ಯೂಬ್ ಕಳಿಸ್ತೀನಿ."

ಟ್ಯೂಬು ಬರಲು ಹತ್ತು ದಿನ. ಪ್ರತಿ ಸಲ ಫ್ರಿಜ್ ಬಾಗಿಲು ಹಾಕುವಾಗ ರತ್ನ ನನ್ನ ಕಡೆ ತಿರುಗಿ ನೋಡುತ್ತಿದ್ದಳು. ಮೊಣಕಾಲು ನೊಂದರೆ ಅಲ್ಲೊಂದು ಕೋಶ ಇಳಿದಿದೆ ಅನ್ನಿಸುತ್ತಿತ್ತು. ಕೆಮ್ಮು ಬಂದರೆ ಎದೆಯಲ್ಲಿ. ನನ್ನ ರಕ್ತದ ಹರಿದಾಟಕ್ಕೆ ಕಿವಿಗೊಟ್ಟು ಕೂರುವುದೇ ಕೆಲಸವಾಯಿತು.

ಎರಡನೆಯ ಸಲ ಈರಣ್ಣ ಟ್ಯೂಬನ್ನು ಹತ್ತಿಯಲ್ಲಿ ಸುತ್ತಿ, ಟವೆಲ್ಲಿನಲ್ಲಿ ಕಟ್ಟಿ ಮಡಿಲಲ್ಲಿಟ್ಟುಕೊಂಡು ಹೋದ. ಹಿರಿಯೂರಿನಿಂದ ಫೋನ್ ಮಾಡಿದ.

"ನೆಳ್ಳಾಗೆ ಕುಂತೀನಿ ಭಾವ. ನಿಮ್ ರಕ್ತ ನನಗಿಂತ ಆರಾಮೈತೆ."

ವಾರದ ಮೇಲೆ ಡಾಕ್ಟರ ಫೋನಿನಲ್ಲಿ ಉತ್ತರ ಬಂತು.

ಸೊನ್ನೆ.

"ಹಂಗಂದ್ರೆ ಇಲ್ಲ ಅಂತನಾ ಸಾರ್?"

"ಈ ಟ್ಯೂಬಿನಲ್ಲಿ ಇಲ್ಲ. ಇದೊಂದನ್ನೇ ನಂಬಿ ಏನೂ ತೀರ್ಮಾನ ಮಾಡಲ್ಲ. ಉಳಿದ ಕೀಮೋ ಮುಗಿಸೋಣ, ಸ್ಕ್ಯಾನ್ ಮಾಡ್ತಾ ಇರೋಣ."

ಈರಣ್ಣನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. "ರೊಪ್ಪದಾಗೆ ತೋಳ ಇಲ್ಲ ಅಂದ್ರೆ ಗುಡ್ಡದಾಗೂ ಇಲ್ಲ ಅಂತಲ್ಲ ಭಾವ. ಆದ್ರೂ ಕುರಿ ಮೇಯ್ತಾವೆ."

ನಮ್ಮ ಮನೆಯಲ್ಲೇ ಉಳಿದಿದ್ದ ಥರ್ಮಾಸ್ ಹಿಂತಿರುಗಿಸಲು ಅವನ ಕುರಿ ರೊಪ್ಪಕ್ಕೆ ಹೋದೆ. ಅವತ್ತೇ ಲಸಿಕೆ. "ಬಂದದ್ದು ಚಲೋ ಆತು, ಇದನ್ನ ಹಿಡ್ಕಳ್ರಿ" ಎಂದು ಒಂದು ಮರಿಯನ್ನು ನನ್ನ ಕೈಗಿಟ್ಟ. ಚೀಲ ಇಲ್ಲದ ಪಕ್ಕಕ್ಕೆ ಒತ್ತಿಕೊಂಡೆ. ಸೂಜಿ ಕಂಡು ಅದು ನಡುಗಿತು. ಏನೂ ಆಗಲ್ಲ ಎಂದು ಹೇಳಹೊರಟೆ. ಡಾಕ್ಟರು ನನಗೂ ಹಾಗೆ ಹೇಳಿರಲಿಲ್ಲ. ಗಟ್ಟಿಯಾಗಿ ಹಿಡಿದುಕೊಂಡೆ.