ಇಪ್ಪತ್ತೈದಕ್ಕೆ ನಿಂತ ಪೆಟ್ಟಿಗೆ

ಚನ್ನಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಮಾಗಡಿ, ಕನಕಪುರದ ಕಡೆಯಿಂದಲೂ ಜನ ಹಳೆಯ ಲ್ಯಾಪ್‌ಟಾಪುಗಳನ್ನು ಚೀಲದಲ್ಲಿ ಹಾಕಿಕೊಂಡು ಬರುತ್ತಾರೆ. ಗುಜರಿಗೆ ಹೋಗಬೇಕಾದ ಯಂತ್ರಕ್ಕೆ ಲಿನಕ್ಸ್ ಎಂಬ ಬಿಟ್ಟಿ ಆಪರೇಟಿಂಗ್ ಸಿಸ್ಟಮ್ ಹಾಕಿ ಎಬ್ಬಿಸಿ ಕಳಿಸುವುದರಲ್ಲಿ ನನಗೆ ಒಂದಿಷ್ಟು ಹೆಸರಿತ್ತು. ಹೆಸರಿಗಿಂತ ಜಂಬವೇ ಹೆಚ್ಚಿತ್ತು.

ವಿರೂಪಾಕ್ಷಿಪುರದ ಹತ್ತಿರದ ಹಳ್ಳಿಯಲ್ಲಿ ನನ್ನ ಚಿಕ್ಕವ್ವ ರೇಷ್ಮೆ ಹುಳು ಸಾಕುತ್ತಾಳೆ. ಹುಳುವಿಗೆ ಶೆಕೆಯೂ ಆಗದು, ಥಂಡಿಯೂ ಆಗದು. ಅದಕ್ಕೇ ಅವಳಿಗೊಂದು ಪೆಟ್ಟಿಗೆ ಮಾಡಿಕೊಟ್ಟಿದ್ದೆ. ಹುಳದ ಮನೆಯೊಳಗಿನ ಸೆನ್ಸರ್ ಅಲ್ಲಿನ ಶಾಖವನ್ನು ವೈಫೈ ಮೂಲಕ ಕಳಿಸುತ್ತದೆ. ನಡುಮನೆಯ ಗೋಡೆಗೆ ಹೊಡೆದ ಪೆಟ್ಟಿಗೆ ಅದನ್ನು ದೊಡ್ಡ ಅಂಕಿಯಲ್ಲಿ ತೋರಿಸುತ್ತದೆ, ಶಾಖ ಏರಿದರೆ ಕೂಗುತ್ತದೆ. ಇವೆರಡರ ನಡುವೆ ಮಾತುಕತೆ ನಡೆಸುವುದು ಒಂದು ಪುಟ್ಟ ನೆಟ್‌ವರ್ಕಿಂಗ್ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು, ಯಾರೋ ಪುಣ್ಯಾತ್ಮರು ಬರೆದು ಊರಿಗೆಲ್ಲ ಬಿಟ್ಟುಕೊಟ್ಟದ್ದು. ಲಿನಕ್ಸನ್ನು ಬೇಕಾದ ತಂತ್ರಾಂಶಗಳ ಜೊತೆ ಒಟ್ಟುಮಾಡಿ ಹಂಚುವುದಕ್ಕೆ ಡಿಸ್ಟ್ರೋ ಅನ್ನುತ್ತಾರೆ; ನಾನು ಬಳಸುವ ಡಿಸ್ಟ್ರೋದಲ್ಲಿ ಮಾತ್ರ ಅದು ಇರಲಿಲ್ಲ. ಕೈಯಾರೆ ಕಟ್ಟಿ ಕೂರಿಸಬೇಕಿತ್ತು. ಸಿಸ್ಟಮ್ ಅಪ್‌ಡೇಟ್ ಆದಾಗಲೆಲ್ಲ ಅದು ಕೆಡುತ್ತಿತ್ತು, ನಾನು ಅಂಗಡಿಗೆ ಬಾಗಿಲು ಹಾಕಿ ಬೈಕ್ ಹತ್ತುತ್ತಿದ್ದೆ.

"ಇದ್ಯಾವ ಪೆಟ್ಗೆ ಕಣ್ಲಾ, ವಾರಕ್ಕೊಂದ್ ಕಿತ ಹುಸಾರ್ ತಪ್ತದೆ," ಎಂದು ಚಿಕ್ಕವ್ವ ಗೊಣಗುತ್ತಿದ್ದಳು. "ಹುಳಾನೇ ವಾಸಿ, ಅದ್ಕೆ ನಾಕೇ ಜ್ವರ."

ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕು ಸಲ ಬಿಡುತ್ತದೆ.

ಸರಿ, ಇದನ್ನು ಪ್ಯಾಕೇಜ್ ಮಾಡಿ ಡಿಸ್ಟ್ರೋಗೆ ಸೇರಿಸಿಯೇ ಬಿಡೋಣ ಎಂದು ಕೂತೆ. ಒಮ್ಮೆ ಸೇರಿದರೆ ಅಪ್‌ಡೇಟ್ ಜೊತೆಗೇ ತಾನಾಗಿ ಬರುತ್ತದೆ, ನನ್ನ ಓಡಾಟ ತಪ್ಪುತ್ತದೆ. ಬರೆದವರು ಯಾರು, ಯಾವ ಷರತ್ತಿಗೆ ಕೊಟ್ಟಿದ್ದಾರೆ, ಕಟ್ಟಲು ಏನೇನು ಬೇಕು, ಎಲ್ಲವನ್ನೂ ಬಿಡಿಬಿಡಿಯಾಗಿ ಬರೆಯಬೇಕು. ಅದನ್ನು ನೋಡಿಕೊಂಡು ಡಿಸ್ಟ್ರೋದ ಯಂತ್ರಗಳು, ಒಂದೊಂದು ಬಗೆಯ ಕಂಪ್ಯೂಟರ್ ಚಿಪ್ ಇರುವ ಯಂತ್ರವೂ, ಲೈಬ್ರರಿಯನ್ನು ಖಾಲಿ ಕೋಣೆಯಂಥ ಜಾಗದಲ್ಲಿ ಹೊಸದಾಗಿ ಕಟ್ಟುತ್ತವೆ. ಅಲ್ಲಿ ಇಂಟರ್ನೆಟ್ ಇಲ್ಲ. ನಾವು ಬರೆದುಕೊಟ್ಟದ್ದನ್ನು ಬಿಟ್ಟು ಹೊರಗಿನ ಯಾವುದಕ್ಕೂ ಪ್ರವೇಶವಿಲ್ಲ. ಕಾಲು ತೊಳೆಯದೆ ಯಾರನ್ನೂ ಹುಳದ ಮನೆಗೆ ಬಿಡದ ಚಿಕ್ಕವ್ವನಿಗೆ ಈ ಕಟ್ಟಳೆ ಹೇಳಿದೊಡನೆ ಅರ್ಥವಾಯಿತು.

ಕಟ್ಟಿದ ಮೇಲೆ ಲೈಬ್ರರಿಯ ಜೊತೆಗೇ ಬರುವ ಪರೀಕ್ಷೆಗಳು ಓಡಬೇಕು. ನನ್ನದು ಮೊದಲನೆಯದರಲ್ಲೇ ಫೇಲಾಯಿತು. ಅದು ಹೊರಗಿನ ಸರ್ವರ್ ಒಂದನ್ನು ಮಾತಾಡಿಸಲು ಹೋಗಿತ್ತು. ಇಂಟರ್ನೆಟ್ಟೇ ಇಲ್ಲದ ಕಡೆ ಅದೆಲ್ಲಿ ಸಿಕ್ಕೀತು? ಹಾಗೆ ಹೊರಗೆ ಹೋಗುವ ಪರೀಕ್ಷೆಗಳನ್ನಷ್ಟೇ ಹುಡುಕಿ ಆಚೆಗಿಡುವುದು ಸರಿಯಾದ ದಾರಿ. ಅದಕ್ಕೆ ಒಂದು ದಿನದ ಕೆಲಸ ಹಿಡಿಯುತ್ತಿತ್ತು. ಡಿಸ್ಟ್ರೋದ ಹೊಸ ಆವೃತ್ತಿಗೆ ಪ್ಯಾಕೇಜ್ ಸೇರಿಸಿಕೊಳ್ಳುವ ಬಾಗಿಲು ಮುಚ್ಚುವ ಹೊತ್ತು ಹತ್ತಿರ ಬಂದಿತ್ತು. ನಾನು ಒಂದೇ ಒಂದು ಸಾಲು ಬರೆದು ಎಲ್ಲ ಪರೀಕ್ಷೆಗಳನ್ನೂ ನಿಲ್ಲಿಸಿಬಿಟ್ಟೆ.

ಡಿಸ್ಟ್ರೋದ ಪರವಾಗಿ ನನ್ನ ಪ್ಯಾಕೇಜ್ ಪರಿಶೀಲಿಸಿದ ಮಹಾರಾಯ, ಯಾವ ದೇಶದವನೋ, ಬರೆದು ಕೇಳಿದ: ಎಲ್ಲ ಪರೀಕ್ಷೆಗೂ ಇಂಟರ್ನೆಟ್ ಬೇಕೇ? ಹೌದು ಎಂದು ಉತ್ತರಿಸಿದೆ. ನಾನು ನೋಡಿಯೇ ಇರಲಿಲ್ಲ.

ಪ್ಯಾಕೇಜ್ ಡಿಸ್ಟ್ರೋದೊಳಗೆ ಹೋಯಿತು. ಚಿಕ್ಕವ್ವನ ಪೆಟ್ಟಿಗೆಗೆ ಹೊಸ ಆವೃತ್ತಿ ಹಾಕಿದ ದಿನ ಅವಳು ಕಜ್ಜಾಯ ಮಾಡಿದ್ದಳು. "ನಮ್ಮ್ ಹುಡ್ಗ ಮಾಡಿರೋದು, ಪರ್ಪಂಚದ್ ಕಂಪೂಟ್ರಿಗೆಲ್ಲ ಓಯ್ತದಂತೆ," ಎಂದು ಅವಳು ಬೀದಿಯಲ್ಲೆಲ್ಲ ಹೇಳಿದ್ದರಿಂದ ಇನ್ನಿಬ್ಬರು ಹೆಂಗಸರು ಪೆಟ್ಟಿಗೆ ಹಾಕಿಸಿಕೊಂಡರು. ನಾನು ಬೇಡ ಅನ್ನಲಿಲ್ಲ.

ಬೇಸಿಗೆ ಬಂತು. ಹುಳು ನಾಲ್ಕನೇ ಜ್ವರದಿಂದ ಎದ್ದು ಹಗಲೂ ರಾತ್ರಿ ಸೊಪ್ಪು ಮೇಯುತ್ತಿದ್ದವು. ಒಂದು ಮಧ್ಯಾಹ್ನ ಚಿಕ್ಕವ್ವ ಉಂಡು ಒಸಿ ಅಡ್ಡಾಗಿದ್ದಳು. ಪೆಟ್ಟಿಗೆ ಇಪ್ಪತ್ತೈದು ತೋರಿಸುತ್ತಿತ್ತು. ನೀರು ಕುಡಿಯಲು ಎದ್ದವಳಿಗೆ ಪಕ್ಕದ ಹುಳದ ಮನೆಯಿಂದ ಸೊಪ್ಪು ತಿನ್ನುವ ಸರಸರ ಸದ್ದು ಕೇಳಿಸಲಿಲ್ಲ. ಓಡಿ ಹೋಗಿ ಬಾಗಿಲು ತೆಗೆದರೆ ಮುಖಕ್ಕೆ ಝಳ ಹೊಡೆಯಿತಂತೆ. ಕರೆಂಟು ಹೋಗಿ ಫ್ಯಾನೂ ಸೆನ್ಸರೂ ಸುಮ್ಮನಾಗಿದ್ದವು. ಬ್ಯಾಟರಿಯಿದ್ದ ಪೆಟ್ಟಿಗೆ ಮಾತ್ರ ಹಳೆಯ ಅಂಕಿಯನ್ನೇ ಹಿಡಿದು ಕೂತಿತ್ತು. ಅವಳು ಗೋಣಿತಾಟು ಒದ್ದೆ ಮಾಡಿ ಕಿಟಕಿಗೆಲ್ಲ ಇಳಿಬಿಟ್ಟಳು. ಬಹುಪಾಲು ಹುಳು ಉಳಿದವು. ಪಡುವಲ ಕಡೆಯ ಸಾಲು ಪೂರ್ತಿ ಹೋಯಿತು.

"ನಿನ್ ಪೆಟ್ಗೆ ಇನ್ನೂವೆ ಇಪ್ಪತ್ತೈದು ಅಂತ್ಲೇ ಕುಂತೈತೆ ಕಣ್ಲಾ," ಎಂದಳು ಫೋನಿನಲ್ಲಿ. ದನಿ ಏರಿಸಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕರೆಂಟಿನ ದೋಷ ಚಿಕ್ಕವ್ವ, ಎಂದೆ.

ಮಾರನೆಯ ದಿನ ಅಂಗಡಿಯಲ್ಲಿ ಚಿಕ್ಕವ್ವನ ಪೆಟ್ಟಿಗೆಯೊಳಗಿನಂಥದೇ ಅಗ್ಗದ ಬೋರ್ಡ್ ತೆಗೆದು, ನಾನು ನಿಲ್ಲಿಸಿದ್ದ ಪರೀಕ್ಷೆಗಳನ್ನು ಓಡಿಸಿದೆ. ಇಂಟರ್ನೆಟ್ ಬೇಕಾದವು ಮೂರೇ ಮೂರು. ಉಳಿದವುಗಳಲ್ಲಿ ಒಂದು ಫೇಲಾಯಿತು. ಆ ಕಡೆಯವರು ಮಾತು ನಿಲ್ಲಿಸಿದರೆ ಎಷ್ಟು ಹೊತ್ತು ಕಾದು ಕೈಬಿಡಬೇಕು ಎಂಬುದರ ಪರೀಕ್ಷೆ ಅದು. ನನ್ನ ಲ್ಯಾಪ್‌ಟಾಪಿನಲ್ಲಿ ಓಡಿಸಿದರೆ ಪಾಸಾಯಿತು. ಈ ಬೋರ್ಡಿನ ಚಿಪ್‌ನಲ್ಲಿ ಮಾತ್ರ ಲೈಬ್ರರಿ ಕೈಬಿಡದೆ ಕಾಯುತ್ತಲೇ ಇತ್ತು, ಅದಕ್ಕೇ ಪೆಟ್ಟಿಗೆ ಹಳೆಯ ಅಂಕಿಗೇ ಅಂಟಿಕೊಂಡಿತ್ತು. ಪರೀಕ್ಷೆ ಓಡಲು ಬಿಟ್ಟಿದ್ದರೆ ಡಿಸ್ಟ್ರೋದ ಯಂತ್ರವೇ ಪ್ಯಾಕೇಜನ್ನು ವಾಪಸ್ ಕಳಿಸುತ್ತಿತ್ತು.

ತಪ್ಪು ಪ್ಯಾಕೇಜ್ ಮಾಡಿದವನದೇ ಎಂದು ಎಲ್ಲರಿಗೂ ಕಾಣುವ ಕಡೆ ಬರೆದು, ತಿದ್ದಿದ್ದನ್ನು ಕಳಿಸಿದೆ. ಸೆನ್ಸರಿನಿಂದ ಸುದ್ದಿ ನಿಂತರೆ ಪೆಟ್ಟಿಗೆ ಕೂಗಿ, ಅಂಕಿಯ ಬದಲು ‘ಗೊತ್ತಿಲ್ಲ’ ಎಂದು ತೋರಿಸುವಂತೆ ಮಾಡಿದೆ. ಮೂರನೆಯ ದಿನ ಹಳ್ಳಿಗೆ ಹೋಗಿ ಮೊದಲು ಆ ಇಬ್ಬರು ಹೆಂಗಸರ ಮನೆಯಲ್ಲಿ ಹೇಳಿ, ಸರಿಪಡಿಸಿದೆ. ಅವರ ಹುಳು ಇನ್ನೂ ಎರಡನೇ ಜ್ವರದಲ್ಲಿದ್ದವು, ಏನೂ ಆಗಿರಲಿಲ್ಲ. ಅಲ್ಲಿ ಹೇಳುವುದು ಸುಲಭವಿತ್ತು.

ಚಿಕ್ಕವ್ವ ಹುಳದ ಮನೆಯಲ್ಲಿ ಸೊಪ್ಪು ಹಾಸುತ್ತಿದ್ದಳು. ನಾನು ಹೊಸಿಲಿನ ಹೊರಗೇ ನಿಂತೆ.

"ಚಿಕ್ಕವ್ವ, ಕರೆಂಟಿಂದಲ್ಲ. ನಂದೇ ತಪ್ಪು. ನೋಡ್ದೇನೆ ನೋಡಿವ್ನಿ ಅಂದ್ಬುಟ್ಟಿದ್ದೆ."

ಅವಳು ಸಾಲು ಮುಗಿಸಿ, ಕೈ ಒರೆಸಿಕೊಂಡು ನಡುಮನೆಗೆ ಬಂದಳು. ನಾನು ಪೆಟ್ಟಿಗೆಯನ್ನು ತಿದ್ದಿ, ತೋರಿಸಲೆಂದು ಸೆನ್ಸರಿನ ಪ್ಲಗ್ ಕಿತ್ತೆ. ಒಂದು ನಿಮಿಷ ಇಪ್ಪತ್ತೈದು. ಆಮೇಲೆ ಕೂಗಿಕೊಂಡು, ‘ಗೊತ್ತಿಲ್ಲ.’

ಚಿಕ್ಕವ್ವ ಪೆಟ್ಟಿಗೆಯ ಕಡೆ ಒಮ್ಮೆ ನೋಡಿ ನನ್ನ ಕಡೆ ತಿರುಗಿದಳು.

"ಇದೊಂದ್ ಮಾತು ಮೊದ್ಲೇ ಬಾಯಿಗ್ ಬರ್ನಿಲ್ವೇನ್ಲಾ?"

ನಾನು ಕಾಲು ತೊಳೆದುಕೊಂಡು ಒಳಗೆ ಹೋಗಿ, ಪಡುವಲ ಕಡೆಯ ಖಾಲಿ ಸಾಲನ್ನು ಗುಡಿಸಿದೆ.