ದೇವಕಿ ಅತ್ತೆಯ ಸೆಂಟು

ಹೋದ ತಿಂಗಳು ನೆಗಡಿಯ ಮುಲಾಮು ಹುಡುಕುತ್ತ ನನ್ನ ಸೆಂಟಿನ ಕಪಾಟಿಗೆ ಕೈ ಹಾಕಿದೆ. ಹೌದು, ನನ್ನಲ್ಲಿ ಸೆಂಟಿಗೆಂದೇ ಒಂದು ಕಪಾಟಿದೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ. ಅತ್ತರು, ಪನ್ನೀರು, ಮಗಳು ತಂದದ್ದು, ನಾನೇ ಆಸೆಬುರುಕಿಯಂತೆ ಕೊಂಡದ್ದು, ಎಲ್ಲ ಒಂದರ ಹಿಂದೊಂದು ನಿಂತಿವೆ. ವರ್ಷದ ಅರ್ಧ ಕಾಲ ಮೂಗು ಕಟ್ಟಿಕೊಂಡೇ ಇರುವವಳಿಗೆ ಇದೆಂಥ ಹುಚ್ಚು ಎಂದು ನನ್ನ ಯಜಮಾನರು ಕೇಳುತ್ತಲೇ ಇರುತ್ತಾರೆ. ಎಲ್ಲಕ್ಕಿಂತ ಹಿಂದೆ, ಗೋಡೆಗೆ ಒತ್ತಿಕೊಂಡು ಒಂದು ನೀಲಿ ಸೀಸೆ ಸಿಕ್ಕಿತು. ಅದು ಕಳೆದೇ ಹೋಯಿತೆಂದು ತಿಳಿದಿದ್ದೆ. ಬಿರಡೆ ತೆಗೆದರೆ ತಳದಲ್ಲಿ ಜೇನಿನ ಹಾಗೆ ಮಂದವಾಗಿ ಒಂದಿಷ್ಟು ಉಳಿದಿತ್ತು. ಕಟ್ಟಿದ ಮೂಗಿಗೂ ವಾಸನೆ ಹತ್ತಿತು. ಈಗ ಈಕೆ ಕಣ್ಣೊರೆಸಿಕೊಳ್ಳುತ್ತಾಳೆ ಎಂದುಕೊಂಡಿರಾ? ಇಲ್ಲ. ನನಗೆ ಮೈಯೆಲ್ಲ ಉರಿಯಿತು.

ಅದು ದೇವಕಿ ಅತ್ತೆಯ ಸೀಸೆ. ಅಪ್ಪನ ತಂಗಿ. ಮಿಲಿಟರಿಯಲ್ಲಿದ್ದ ಅವಳ ಗಂಡ ಒಮ್ಮೆ ರಜೆಯಲ್ಲಿ ಬರುವಾಗ ತಂದುಕೊಟ್ಟದ್ದು. ತೋಟದ ದೊರೆಸಾನಿಯರು ಹಾಕಿಕೊಳ್ಳುತ್ತಿದ್ದಂಥ ವಿಲಾಯತಿ ಸೆಂಟು. ಮುಂದಿನ ರಜೆಗೆ ಅವನು ಬರಲಿಲ್ಲ, ಸತ್ತ ಸುದ್ದಿ ಬಂತು. ಗಂಡನ ಮನೆಯವರು ಟ್ರಂಕಿನ ಸಮೇತ ಅವಳನ್ನು ಸಂಪಾಜೆಯ ನಮ್ಮ ಮನೆಗೆ ತಂದುಬಿಟ್ಟರು, ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅಂದಿನಿಂದ ನಮ್ಮ ಅಡುಗೆಮನೆ ಅವಳ ಪಾಲಿಗೆ ಬಂತು. ಬೇರೇನೂ ಬರಲಿಲ್ಲ.

ಆಗಷ್ಟೇ ನಮ್ಮ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತ್ತು. ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ಜಗಲಿಯಲ್ಲಿ ಬ್ರಾಂದಿ ಹಿಡಿದು ಕೂತು, ಇನ್ನು ನಮ್ಮನ್ನು ಕೇಳುವವರು ಯಾರು, ನಾವು ಅಲ್ಲಿಗೂ ಇಲ್ಲ ಇಲ್ಲಿಗೂ ಇಲ್ಲ ಎಂದು ನೆಂಟರೊಡನೆ ಗೋಳಾಡುತ್ತಿದ್ದರು. ಅವರಿಗೆ ನೀರು ತಂದಿಡುತ್ತಿದ್ದವಳು ದೇವಕಿ ಅತ್ತೆ. ಅವಳು ಸ್ನಾನ ಮಾಡಿ ಕಿವಿಯ ಹಿಂದೆ ಒಂದು ತೊಟ್ಟು ಸೆಂಟು ಮುಟ್ಟಿಸಿಕೊಂಡು ಬಂದ ಒಂದು ದಿನ ದೊಡ್ಡಪ್ಪನ ಮೂಗು ಅರಳಿತು.

“ಗಂಡ ಸತ್ತವ್ಳಿಗೆ ಸೆಂಟ್ ಎಂತಕೆ?” ಎಂದರು, ಎಲ್ಲರ ಎದುರಿಗೆ.

“ಮೂಗು ಸತ್ತಿಲ್ಲೆ ಅಣ್ಣ,” ಎಂದಳು ಅತ್ತೆ. ಚೊಂಬು ಇಟ್ಟು ಒಳಗೆ ಹೋದಳು. ಮರುದಿನವೂ ಹಚ್ಚಿಕೊಂಡಳು.

ನಮ್ಮಲ್ಲಿ ವರ್ಷಕ್ಕೊಮ್ಮೆ ಕಾರಣರಿಗೆ ಬಡಿಸುವುದುಂಟು, ನಮ್ಮ ಅರೆಭಾಷೆಯಲ್ಲಿ ಹೇಳಿದರೆ ‘ಉಟ್ಟು’. ಕಾರಣರೆಂದರೆ ಆ ಮನೆಯಲ್ಲಿ ಬಾಳಿ ಹೋದ ಹಿರಿಯರು. ಅವರಿಗೆ ಸಾಲಾಗಿ ಎಲೆ ಹಾಕಿ, ಬದುಕಿದ್ದಾಗ ಯಾರಿಗೆ ಏನು ಪ್ರೀತಿಯೋ ಅದನ್ನಿಟ್ಟು, ಕೋಣೆಯ ಬಾಗಿಲೆಳೆದು ಹೊರಗೆ ಕಾಯುತ್ತೇವೆ. ಅವರದಾದ ಮೇಲೆ ನಮ್ಮ ಊಟ. ಅಜ್ಜನ ಎಲೆಗೆ ನಶ್ಯ, ಚಿಕ್ಕಜ್ಜನಿಗೆ ಹುರಿದ ಕೋಳಿ, ಒಬ್ಬ ಪುಣ್ಯಾತ್ಮನಿಗೆ ಇಸ್ಪೀಟಿನ ಕಟ್ಟು ಕೂಡ. ಸತ್ತವರ ಚಟಗಳನ್ನು ಇಷ್ಟು ಮುತುವರ್ಜಿಯಿಂದ ಸಾಕುವ ಮನೆ ನಮ್ಮದು. ಬೆಳಗಿನಿಂದ ಒಲೆಯ ಮುಂದೆ ನಿಂತು ಅಷ್ಟನ್ನೂ ಬೇಯಿಸುತ್ತಿದ್ದವಳು ಅತ್ತೆ.

ನಾನು ಹೈಸ್ಕೂಲಿನಲ್ಲಿದ್ದಾಗ ಅವಳು ಜ್ವರ ಹಿಡಿದು ಮಲಗಿದಳು. ಒಂದು ಸಂಜೆ ಸೀಸೆಯನ್ನು ನನ್ನ ಕೈಗಿಟ್ಟು, “ಇದ್ ನೀ ಇಟ್ಕ, ಇಲ್ಲಿ ಬೇಡ,” ಎಂದಳು. ಅದೇ ವಾರ ಹೋದಳು. ಆ ವರ್ಷ ಕಾರಣರ ಎಲೆಗಳನ್ನು ನೋಡಿ, ಅತ್ತೆಯದು ಯಾವುದು ಎಂದು ಕೇಳಿದೆ.

“ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ,” ಎಂದರು ದೊಡ್ಡಪ್ಪ. “ಅವ್ಳಿಗೆ ಗಂಡನ ಮನೆಯವ್ರ್ ಬಡ್ಸೊಕು.”

ಟ್ರಂಕು ಇಳಿಸಿ ಓಡಿಹೋದವರು ಬಡಿಸುತ್ತಾರಂತೆ! ಬದುಕಿದ್ದಾಗ ದುಡಿಯಲು ನಮ್ಮವಳು, ಸತ್ತ ಮೇಲೆ ಉಣ್ಣಲು ಅವರವಳು. ಯಾವ ನಾಲಿಗೆಯಲ್ಲಿ ಹೇಳಿದರು ಇದನ್ನು? ಅವಳು ಬೇಯಿಸಿದ್ದನ್ನು ಉಂಡ ನಾಲಿಗೆಯಲ್ಲೇ. ಸತ್ತವರ ಮೇಲೆ ಸಿಟ್ಟು ಸಾಧಿಸಬಾರದು ಎನ್ನುತ್ತಾರೆ. ನಾನು ಸಾಧಿಸುತ್ತೇನೆ. ದೊಡ್ಡಪ್ಪ ಸತ್ತು ಎಷ್ಟೋ ಕಾಲವಾಯಿತು, ಅವರ ಎಲೆಗೆ ಪ್ರತಿ ವರ್ಷ ಬ್ರಾಂದಿ ತಪ್ಪಿಲ್ಲ.

ಈಗ ಆ ಮನೆಯನ್ನು ನೋಡಿಕೊಳ್ಳುವವನು ನನ್ನ ಅಣ್ಣನ ಮಗ ಗಣೇಶ, ಒಳ್ಳೆಯ ಹುಡುಗ. ಈ ಸಲದ ಬಡಿಸುವುದಕ್ಕೆ ಕರೆದ. ಹೋದೆ, ಸೀಸೆಯನ್ನೂ ತೆಗೆದುಕೊಂಡು. ದೇವಕಿ ಅತ್ತೆಗೊಂದು ಎಲೆ ಹಾಕು ಎಂದೆ. ಅವನು ತಲೆ ಕೆರೆದುಕೊಂಡ.

“ಪದ್ಧತಿ ಇಲ್ಲೆ ಅತ್ತೆ. ಕಾರಣರಿಗೆ ಸಿಟ್ಟ್ ಬಂದ್ರೆ?”

ನನ್ನನ್ನು ಅವನು ಕರೆಯುವುದೂ ಅತ್ತೆ ಎಂದೇ. ನಾನೂ ಆ ಮನೆಯಿಂದ ಕೊಟ್ಟ ಹೆಣ್ಣೇ.

“ಬರ್ಲಿ,” ಎಂದೆ. “ನಂಗೆ ಬಂದ್ ಎಷ್ಟ್ ವರ್ಷ ಆತ್, ಗೊತ್ತುಟ್ಟಾ?”

ನಾನೇ ಎಲೆ ತಂದು ದೊಡ್ಡಪ್ಪನ ಎಲೆಯ ಪಕ್ಕದಲ್ಲೇ ಹಾಕಿದೆ. ಅನ್ನ ಬಡಿಸಿದೆ, ಕೋಳಿಸಾರು ಬಡಿಸಿದೆ. ಎಲೆಯ ತುದಿಗೆ ಆ ಸೆಂಟು ಮುಟ್ಟಿಸಿದೆ. ಬಾಗಿಲೆಳೆದು ಹೊರಗೆ ಬಂದು ಹೊಸ್ತಿಲಿಗೆ ಅಡ್ಡವಾಗಿ ಕೂತೆ.

ಸ್ವಲ್ಪ ಹೊತ್ತಿಗೆ ಮಕ್ಕಳು ಹಸಿವು ಎಂದವು. ಗಣೇಶ ಬಂದು ನಿಂತ. “ಸಾಕಲ್ಲಾ ಅತ್ತೆ, ಬಾಗ್ಲ್ ತೆಗಿಯೊನಾ?”

“ತಡಿ,” ಎಂದೆ. “ಅವ್ಳ್ ಇನ್ನೂ ಉಣ್ತಾ ಉಟ್ಟು.”