ಮೀನಿನ ಕಣ್ಣಿಗೆ ಸರ್ಕಾರಿ ಹಿಂಡಿ

ಜನ್ಮದಲ್ಲಿ ಒಂದು ಮೀನನ್ನೂ ಬಾಯಿಗಿಡದ ನಾನು, ನಾಲ್ಕು ತಿಂಗಳ ಹಿಂದೆ ಒಂದು ಹೊಂಡದಷ್ಟು ಮೀನುಗಳ ಮರಣದಂಡನೆಗೆ ಸಹಿ ಹಾಕುವುದರಲ್ಲಿದ್ದೆ.

ಗಜೇಂದ್ರಗಡದ ಗುಡ್ಡದ ಕೆಳಗೆ ಸರ್ಕಾರ ಹೊಂಡ ತೋಡಿಸಿ ಕಟ್ಲಾ ಮೀನಿನ ಮರಿ ಬಿಡಿಸಿದೆ. ನೋಡಿಕೊಳ್ಳುವವನು ಗಫಾರಸಾಬ. ಮೀನು ಸಾಕುತ್ತೇನೆಂದು ಮಗ್ಗ ಬಿಟ್ಟು ಬಂದವನು. ನಾನು ಅದೇ ಊರಿನ ಶಾಲೆಯ ಮಾಸ್ತರ. ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ ಊರಿನ ಪಂಚನಾಮೆಗಳೆಲ್ಲ ನನ್ನ ಪಾಲು.

ಒಂದು ಮುಂಜಾನೆ ಗಫಾರಸಾಬ ಓಡಿ ಬಂದ.

"ಮಾಸ್ತರ್ರ, ಮೀನಿನ ಕಣ್ಣಾಗ ಹಾಲು ಹನಿಸಿದಂಗ ಆಗೇತ್ರಿ. ತಿನ್ನಾಕ ಹಾಕಿದ್ರ ಕಾಣವಲ್ದು, ದಂಡಿಗೆ ಬಂದು ಹಾಯತಾವು."

ಸುದ್ದಿ ಮೇಲೆ ಹೋಯಿತು. ಮೇಲಿನಿಂದ ಮೀನು ಇಲಾಖೆಯ ಸಾಹೇಬರು ಬಂದರು. ಹೊಂಡದ ದಂಡೆಗೆ ಕುರ್ಚಿ ಹಾಕಿಸಿ, ನೀರಿಗೆ ಬೆನ್ನು ಮಾಡಿ ಕೂತರು (ಎದುರು ಬಿಸಿಲಿತ್ತು). ಫಾರ್ಮು ತೆಗೆದರು. ನಾವು ಮೈಸೂರು ರಾಜ್ಯಕ್ಕೆ ಸೇರಿದರೂ ಫಾರ್ಮು ಮಾತ್ರ ಇನ್ನೂ ಮುಂಬೈಯದೇ.

"ತಿನ್ನಾಕ ಏನ್ ಹಾಕ್ತಿ?"

"ನೀವು ಬರಕೊಟ್ಟಿದ್ದ ರೀ. ಶೇಂಗಾ ಹಿಂಡಿ, ಅಕ್ಕಿ ತೌಡು. ಬ್ಯಾರೆ ಏನೂ ಇಲ್ಲ."

"ಹಂಗಾದ್ರ ಆಹಾರ ಸರಿ ಐತಿ. ನೀರು ಹೊಲಸ ಮಾಡಿದಾಂವ ನೀನು. ಇದು ಅಂಟುರೋಗ. ಎಲ್ಲಾ ಮೀನು ತಗದು, ಸುಣ್ಣ ಹಾಕಿ ಹುಗೀರಿ. ಹೊಸಾ ಮನಶ್ಯಾನ್ನ ಹುಡುಕ್ರಿ."

ಆಗ ಗಫಾರಸಾಬನ ಹೆಂಡತಿ ಹಸೀನಾಬಿ ಬೋಗುಣಿ ಹಿಡಿದು ಮುಂದೆ ಬಂದಳು. ಹಿತ್ತಲಿನ ಗುಂಡಿಯಲ್ಲಿ ಅವಳೂ ಒಂದಿಷ್ಟು ಮರಿ ಸಾಕಿದ್ದಳು. ಬೋಗುಣಿಯಲ್ಲಿದ್ದ ಮೀನಿನ ಕಣ್ಣು ಮಿರಮಿರ ಮಿಂಚುತ್ತಿತ್ತು.

"ಇದೂ ಅದ ಮರೀರಿ, ಅದ ನೀರು. ನಾ ಹಿಂಡಿ ಜೋಡಿ ಒಣಮೀನಿನ ಪುಡಿ, ಜಜ್ಜಿದ ಬಸವನಹುಳ ಹಾಕ್ತೀನ್ರಿ. ಫರಕ ಅಷ್ಟ."

ಸಾಹೇಬರು ಫಾರ್ಮಿನಲ್ಲಿ ಹುಡುಕಿದರು. ಬಸವನಹುಳಕ್ಕೆ ಕಾಲಂ ಇರಲಿಲ್ಲ. ಕಾಲಂ ಇಲ್ಲದ್ದು ಲೋಕದಲ್ಲಿ ಇರಲು ಸಾಧ್ಯವೇ?

"ಹೆಣ್ಮಕ್ಕಳ ಮಾತು ಪಂಚನಾಮೆದಾಗ ಬ್ಯಾಡ. ಬರೀರಿ ಮಾಸ್ತರ."

ಬರೆಯತೊಡಗಿದೆ. (ಧೈರ್ಯಸ್ಥ ನಾನಲ್ಲ. ನೌಕರಿ ಇದೆ.) ಆದರೆ ಕೊನೆಗೆ ಆ ಫಾರ್ಮೇ ದಾರಿ ತೋರಿಸಿತು.

"ಸಾಹೇಬ್ರ, ರೋಗ ಬಂದ ಮೀನೆಷ್ಟು, ಬರದ್ದೆಷ್ಟು, ನಿಮ್ಮ ಎದುರಿಗೆ ಒಂದೊಂದ ಎಣಿಸಿ ಬರೀಬೇಕಂತ್ರಿ."

ಸಾಹೇಬರು ಮೊದಲ ಸಲ ನೀರಿನ ಕಡೆ ತಿರುಗಿದರು. ಆಮೇಲೆ ಗಡಿಯಾರದ ಕಡೆ. ರೋಣದ ಬಸ್ಸಿಗೆ ಹೊತ್ತಾಗಿತ್ತು. "ಮುಂದಿನ ಸಲ ನೋಡೂಣು" ಎಂದು ಎದ್ದರು.

ಆ ರವಿವಾರ ನರಗುಂದಕ್ಕೆ ಹೋಗಿ ಪರಿಚಯದ ದನದ ಡಾಕ್ಟರರನ್ನು ಕೇಳಿದೆ.

"ಮೀನಿನ ವಿಷಯ ನನಗ ಗೊತ್ತಿಲ್ರಿ" ಎಂದರು. (ಗೊತ್ತಿಲ್ಲ ಎಂದ ಸರ್ಕಾರಿ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು.) "ಆದ್ರ ಮೇವಿನಾಗ ಖನಿಜ ಲವಣ ಕಡಿಮಿ ಆದ್ರ ದನದ ಮೈ ಕೆಡತೈತಿ. ಮೀನಿಗೆ ಕಣ್ಣು ಕೆಟ್ಟಿರಬಹುದು. ಬರೇ ಹಿಂಡಿಯೊಳಗ ಎಲ್ಲಾ ಎಲ್ಲಿ ಸಿಗತೈತಿ? ಆ ಹೆಣ್ಮಗಳು ಮಾಡೂದು ಮಾಡ್ಲಿ ಬಿಡ್ರಿ."

ಮಾಡಿದಳು. ದೊಡ್ಡ ಹೊಂಡಕ್ಕೂ ದಿನಾ ಬುಟ್ಟಿ ತುಂಬ ಹುಳ ಆರಿಸಿ ತಂದು ಜಜ್ಜಿ ಹಾಕಿದಳು. ಕುರುಡಾದವು ಕುರುಡಾಗಿಯೇ ಉಳಿದವು. ಉಳಿದವಕ್ಕೆ ಪೊರೆ ಬರಲಿಲ್ಲ. ಗಫಾರಸಾಬ ದಿನಕ್ಕೊಂದು ಮೀನು ಹಿಡಿದು, ಕಣ್ಣು ನೋಡಿ, ಮೆಲ್ಲಗೆ ನೀರಿಗೆ ಬಿಡುತ್ತಿದ್ದ.

ಕಳೆದ ವಾರ ಸಾಹೇಬರು ಮತ್ತೆ ಬಂದರು. ಮೀನು ಕಂಡು ಖುಷಿಯಾದರು. ಹುಗಿಯುವ ಮಾತೇ ಇಲ್ಲ, ಗಫಾರಸಾಬನ ಕೆಲಸವೂ ಉಳಿಯಿತು. ರಿಪೋರ್ಟು ನನ್ನ ಕೈಯಲ್ಲೇ ಬರೆಸಿದರು: "ಇಲಾಖೆಯ ಶೇಂಗಾ ಹಿಂಡಿ ಮತ್ತು ತೌಡಿನಿಂದ ರೋಗ ನಿವಾರಣೆಯಾಗಿದೆ. ಬೇರೆ ಹೊಂಡಗಳಿಗೂ ಇದನ್ನೇ ಕೊಡತಕ್ಕದ್ದು."

ಹುಳದ ಬುಟ್ಟಿ ಹಿಡಿದು ಹಸೀನಾಬಿ ಅವರ ಎದುರಿಗೇ ನಿಂತಿದ್ದಳು.

ಸಾಹೇಬರು ಹೋದ ಮೇಲೆ ಅವಳು ಸಿಟ್ಟು ಮಾಡಲಿಲ್ಲ. ಖರೇ ಕಾಳಜಿಯಿಂದಲೇ ಕೇಳಿದಳು:

"ಮಾಸ್ತರ್ರ, ಸಾಹೇಬ್ರು ಮನ್ಯಾಗ ಏನ್ ಉಣ್ತಾರ್ರಿ?"